ಗೆರೆಯ ಮೇಲೆ ಬಿದ್ದ ಚೆಂಡು

ಆ ಚೆಂಡು ಗೆರೆಯ ಮೇಲೇ ಬಿತ್ತು. ನಾನು ಕಣ್ಣಾರೆ ಕಂಡೆ. ಕಂಡೂ ಕಾಣಲಿಲ್ಲವೆಂದು ಸುಳ್ಳು ಹೇಳಿದೆ — ಹದಿನೈದು ವರ್ಷದ ಹುಡುಗಿಯೊಬ್ಬಳ ಮುಖ ನೋಡಿಕೊಂಡೇ ಹೇಳಿದೆ.

ಕುಂದಾಪುರದಿಂದ ಐರ್ಲೆಂಡಿಗೆ ಬಂದು ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ವಾರಾಂತ್ಯದ ಒಂಟಿತನ ತಡೆಯಲಾರದೆ ಟೆನಿಸ್ ಅಂಪೈರ್ ತರಬೇತಿಗೆ ಹೋದೆ. ಕಾಲೇಜಿನಲ್ಲಿ ಆಡಿ ಬಿಟ್ಟಿದ್ದ ಆಟ. ಆಮೇಲೆ ದೇಶದ ಟೆನಿಸ್ ಸಂಸ್ಥೆ ನನ್ನನ್ನು ಕಿರಿಯರ ಪಂದ್ಯಗಳಿಗೆ ಕಳಿಸತೊಡಗಿತು. ಸಣ್ಣ ದೇಶ, ಇಲ್ಲಿನ ಟೆನಿಸ್ ಲೋಕ ಇನ್ನೂ ಸಣ್ಣದು — ಎಲ್ಲರಿಗೂ ಎಲ್ಲರೂ ಗೊತ್ತು. ಅಂಪೈರ್ ಜಾಕೆಟ್ ತೊಟ್ಟಾಗ ಮಾತ್ರ, ನಾನೂ ಇಲ್ಲಿಯವಳೇ ಅನ್ನಿಸುತ್ತಿತ್ತು.

ಸಿಂಚನಾ ಅತ್ಲೋನ್ ಎಂಬ ಊರಿನಲ್ಲಿದ್ದ ಗಿರೀಶರ ಮಗಳು. ಮೈಸೂರಿನ ಗಿರೀಶ್ ಮೃದು ಮನುಷ್ಯ. ಯುಗಾದಿಗೋ ದೀಪಾವಳಿಗೋ ಕನ್ನಡದವರೆಲ್ಲ ಸೇರಿದಾಗ ಮಗಳ ಆಟದ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವಳೂ ಆ ಮಾತಿಗೆ ತಕ್ಕಂತೆ ಆಡುತ್ತಿದ್ದಳು. ಕಿರಿಯರ ರಾಷ್ಟ್ರೀಯ ತಂಡಕ್ಕೆ ಅವಳ ಆಯ್ಕೆ ಖಚಿತ ಎಂದು ಎಲ್ಲರೂ ಅನ್ನುತ್ತಿದ್ದರು.

ಆಯ್ಕೆಯ ಪಂದ್ಯ ನಡೆದದ್ದು ಡಬ್ಲಿನ್‌ನಲ್ಲಿ. ಕಿರಿಯರ ಆಟದಲ್ಲಿ ಚೆಂಡು ಒಳಗೋ ಹೊರಗೋ ಎಂದು ಆಟಗಾರರೇ ಹೇಳಬೇಕು. ಗೆರೆಗೆ ತಾಗಿದರೂ ಅದು ಒಳಗೇ. ತಕರಾರು ಬಂದರೆ ಮಾತ್ರ ಅಂಪೈರ್. ಕೊನೆಯ ಸೆಟ್ಟಿನಲ್ಲಿ ಸಿಂಚನಾ ಹೊಡೆದ ಚೆಂಡು ಗೆರೆಗೆ ಬಿತ್ತು. ಎದುರಾಳಿ "ಔಟ್" ಎಂದಳು. ಸಿಂಚನಾ ನನ್ನತ್ತ ತಿರುಗಿದಳು. ನಾನು ಆ ಗೆರೆಯ ನೇರಕ್ಕೇ ನಿಂತಿದ್ದೆ.

ಅಷ್ಟರಲ್ಲಿ ಬೇಲಿಯಾಚೆ ಯಾರೋ ಒಬ್ಬರು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಅಂದರು, "ಅಂಪೈರೂ ಅವರವಳೇ ಅಲ್ಲವಾ."

ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಅವತ್ತು ಯಾಕೋ — ಗಾಬರಿಗೋ, ನನ್ನ ಮೇಲಿನ ಭರವಸೆಗೋ — ಕನ್ನಡದಲ್ಲಿ ಕೇಳಿದಳು.

"ಆಂಟಿ, ನೀವು ನೋಡಿದ್ರಲ್ವಾ?"

ಎಲ್ಲರೂ ನಮ್ಮಿಬ್ಬರನ್ನೇ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ನಾನು ನೋಡಲಿಲ್ಲ. ಎದುರಾಳಿ ಹೇಳಿದ್ದೇ ತೀರ್ಮಾನ."

"ಶೀ ಈಸ್ ಲೈಯಿಂಗ್!" ಸಿಂಚನಾ ಕಿರುಚಿದಳು. ರಾಕೆಟ್ಟನ್ನು ನೆಲಕ್ಕೆ ಅಪ್ಪಳಿಸಿದಳು. ಪಂದ್ಯ ಅಲ್ಲಿಗೇ ಮುಗಿಯಿತು.

ಸಂಸ್ಥೆಯವರು ವಿಚಾರಣೆಗೆ ಕರೆದರು. ನಿಜಕ್ಕೂ ನೋಡಲಿಲ್ಲವೇ ಎಂದು ಸಮಾಧಾನದಿಂದಲೇ ಕೇಳಿದರು. ಆಗಲಾದರೂ... ಇಲ್ಲ, ನೋಡಲಿಲ್ಲವೆಂದೇ ಅಂದೆ. ಮೊದಲ ಸುಳ್ಳು ಭಯಕ್ಕೆ ಹೇಳಿದ್ದು. ಇದನ್ನು ಮಾತ್ರ ಯೋಚಿಸಿಯೇ ಹೇಳಿದೆ. ಅಂಪೈರನ್ನು ಸುಳ್ಳುಗಾರ್ತಿ ಎಂದದ್ದಕ್ಕೆ ಅವಳನ್ನು ಆ ಇಡೀ ಋತುವಿನ ಆಟದಿಂದ ಹೊರಗಿಟ್ಟರು. ತಂಡದಲ್ಲಿ ಅವಳ ಜಾಗ ಬೇರೆಯವರಿಗೆ ಹೋಯಿತು.

ಆಮೇಲಿನದನ್ನು ಹೇಳುವುದೇ ಕಷ್ಟ. ಗಿರೀಶ್ ಅತ್ಲೋನಿನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಮಗಳನ್ನು ನನ್ನ ಮನೆಗೆ ಕರೆತಂದರು. ಬಾಗಿಲಲ್ಲೇ ಕೈ ಮುಗಿದರು.

"ತಪ್ಪಾಯ್ತು ಶೈಲಜಾ ಅವ್ರೇ. ದೊಡ್ಡೋರಿಗೆ ಹಿಂಗೆಲ್ಲ ಅನ್ನೋ ಥರ ನಾವು ಬೆಳೆಸಿಲ್ಲ. ಹೇಳಮ್ಮ."

ಅವಳು ನೆಲ ನೋಡುತ್ತಾ, "ಸಾರಿ, ಆಂಟಿ," ಎಂದಳು.

"ಪರ್ವಾಗಿಲ್ಲ ಬಿಡಿ, ಮಕ್ಕಳು," ಎಂದೆ. ಕೂರಿಸಿ ಕಾಫಿ ಕೊಟ್ಟೆ. ನಾನು — ಅವಳನ್ನು — ಕ್ಷಮಿಸಿದೆ.

ಅವಳು ಮತ್ತೆ ಟೆನಿಸ್ ಆಡಲಿಲ್ಲ. ನಾನು ಅಂಪೈರ್ ಆಗಿಯೇ ಮುಂದುವರಿದೆ, ದೊಡ್ಡ ಪಂದ್ಯಗಳಿಗೂ ಹೋದೆ. ಹೇಳಬೇಕೆಂದುಕೊಂಡು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಗಿರೀಶರಿಗೆ ಫೋನ್ ಮಾಡಿ, ಹವಾಮಾನದ ಮಾತಾಡಿ ಇಟ್ಟಿದ್ದೇನೆ. ಹೋದ ಚಳಿಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಸಿಂಚನಾಳ ಕೈ ಹಿಡಿದು ನಿಂತಿದ್ದೆ. ಅಲ್ಲಿಯೂ ಬಾಯಿ ಬರಲಿಲ್ಲ.

ಆಮೇಲೆ ಸಂಸ್ಥೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಜಾಕೆಟ್ಟನ್ನೂ ಒಪ್ಪಿಸಿದೆ. ಅವರು ಸಿಂಚನಾಳ ಹೆಸರಿನ ಮೇಲಿದ್ದ ಶಿಕ್ಷೆಯನ್ನು ರದ್ದು ಮಾಡಿದರು. ಅದಕ್ಕಿಂತ ಹೆಚ್ಚು ಅವರಾದರೂ ಏನು ಮಾಡಿಯಾರು? ಆ ವಯಸ್ಸು, ಆ ತಂಡ — ಯಾರು ತಂದುಕೊಡಬಲ್ಲರು?

ಆ ಸುದ್ದಿ ಹೊತ್ತು ಅತ್ಲೋನಿಗೆ ಹೋದೆ. ಸಿಂಚನಾ ಅಪ್ಪನ ಅಂಗಿಗಳನ್ನು ದಾನಕ್ಕೆ ಕೊಡಲು ಮಡಚುತ್ತಿದ್ದಳು. ಗೆರೆ, ಬೇಲಿಯಾಚೆಯ ಮಾತು, ನನ್ನ ಎರಡೂ ಸುಳ್ಳು — ಎಲ್ಲ ಹೇಳಿದೆ. ಮಡಚುವ ಕೈ ನಿಲ್ಲಲಿಲ್ಲ. ಶಿಕ್ಷೆ ರದ್ದಾಯಿತು ಎಂದಾಗ, ಇಲ್ಲಿಯವರು 'ಸರಿ' ಅನ್ನಲು ಬಳಸುವ ಮಾತಿನಲ್ಲೇ "ಗ್ರಾಂಡ್" ಎಂದಳು, ಅಷ್ಟೆ.

ಇನ್ನೊಂದು ಅಂಗಿ ಮಡಚಿಟ್ಟು ಕನ್ನಡದಲ್ಲಿ ಹೇಳಿದಳು.

"ಬಾಲ್ ಇನ್ ಅಂತ ನಂಗೆ ಗೊತ್ತಿತ್ತು ಆಂಟಿ. ಅಪ್ಪಂಗೆ ಗೊತ್ತಿರ್ಲಿಲ್ಲ. ಅಪ್ಪ ನಿಮ್ಮನ್ನ ನಂಬಿದ್ರು."

ಏನಾದರೂ ಮಾಡಬೇಕೆನಿಸಿ ರಾಶಿಯಿಂದ ಒಂದು ಅಂಗಿ ಎತ್ತಿಕೊಂಡು ಮಡಚಲು ಹೋದೆ. ಅವಳು ಒರಟಾಗಿಯೇನೂ ಅಲ್ಲ, ಮೆಲ್ಲಗೆ, ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.