ಬೊಮ್ಮಯ್ಯ ನಾಯಕರ ಮೂರು ಸೂತ್ರ

ಅವರ್ಸಾದ ಬೊಮ್ಮಯ್ಯ ನಾಯಕರು ಅಣುಸ್ಥಾವರದಲ್ಲಿ ವಿಕಿರಣ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ನೌಕರಿ ಬಿಟ್ಟರೂ ಅಲ್ಲಿಯ ಮೂರು ಸೂತ್ರಗಳು ಅವರನ್ನು ಬಿಟ್ಟಿಲ್ಲ. ಅಪಾಯದ ಹತ್ತಿರ ಕಡಿಮೆ ಹೊತ್ತು ಇರಬೇಕು, ಆದಷ್ಟು ದೂರ ನಿಲ್ಲಬೇಕು, ನಡುವೆ ಒಂದು ಗೋಡೆ ಇರಬೇಕು. ಹೆಂಡತಿ ಸುಗಂಧಾ ಬಂಗಡೆ ಮೀನು ಹುರಿಯಲು ಎಣ್ಣೆ ಇಟ್ಟರೆ ಇವರು ಪಾತ್ರೆಯ ಮುಚ್ಚಳವನ್ನು ಮುಖಕ್ಕೆ ಅಡ್ಡ ಹಿಡಿದು, ಬಾಗಿಲಾಚೆಯಿಂದಲೇ ಉಪ್ಪು ಹಾಕಿದೆಯಾ ಎಂದು ವಿಚಾರಿಸುತ್ತಾರೆ. "ಅದು ಬಂಗಡೆ ಮಾರಾಯ್ರೆ, ಬಾಂಬಲ್ಲ!" ಎಂದು ಆಕೆ ನಗುತ್ತಾಳೆ. ತೆಂಗಿನ ಮರದ ಕೆಳಗೆ ದೇವರೇ ಬಂದು ಕರೆದರೂ ನಿಲ್ಲುವವರಲ್ಲ. ಮಳೆಗಾಲದ ಪಾಚಿಗಟ್ಟಿದ ಅಂಗಳವನ್ನು ಮಾತ್ರ ಮೊದಲ ಸೂತ್ರ ಮುರಿದು, ಕಾಲು ಗಂಟೆ ತೆಗೆದುಕೊಂಡು ದಾಟುತ್ತಾರೆ. ಎದೆಯ ಎಕ್ಸ್‌ರೇಗೆ ಹೆದರಿ ಸಲಹೆ ಕೇಳಲು ಬಂದ ನೆರೆಮನೆಯ ರೂಪೇಶನಿಗೆ ಬಿದ್ದದ್ದು ಬೈಗುಳ: "ಕೂತಲ್ಲೇ ಹತ್ತು ದಿನಕ್ಕೆ ಮಣ್ಣು, ಗಾಳಿಯಿಂದ ಸಿಗೋವಷ್ಟೇ ವಿಕಿರಣ ಅದ್ರಲ್ಲಿ ಇರೋದು ತಮಾ. ನೀನು ಅದಕ್ಕೆ ಹೆದರ್ತೆ, ಹೆಲ್ಮೆಟ್ ಮಾತ್ರ ಬೈಕಿನ ಕನ್ನಡಿಗೆ ಹಾಕ್ತೆ!" ಇಂಥ ನಾಯಕರನ್ನು ಬೆಳಿಗ್ಗೆ ಒಂಬತ್ತೂವರೆಗೆ ಹೆದ್ದಾರಿಯಲ್ಲಿ ನೋಡಬೇಕು. ಶಾಲೆಯ ಮಕ್ಕಳು ರಸ್ತೆ ದಾಟುವಲ್ಲಿಗೆ ದಿನವೂ ತಪ್ಪದೆ ಬಂದು, ದೊಡ್ಡ ಕಪ್ಪು ಕೊಡೆ ಬಿಚ್ಚಿ, ಬರುವ ಲಾರಿಗಳಿಗೆ ಎದುರಾಗಿ ನಡುರಸ್ತೆಯಲ್ಲಿ ನಿಂತುಬಿಡುತ್ತಾರೆ. ಮಕ್ಕಳು ಅವರ ಬೆನ್ನ ಹಿಂದೆ ಹರಟುತ್ತ, ಕಳಚಿದ ಚಪ್ಪಲಿ ಹಾಕಿಕೊಳ್ಳುತ್ತ, ನಿಧಾನವಾಗಿ ದಾಟುತ್ತಾರೆ. "ಕಡಿಮೆ ಹೊತ್ತು, ಆದಷ್ಟು ದೂರ ಅಂತಿದ್ರಲ್ಲ, ಅದೆಲ್ಲ ಎಲ್ಲಿ ಹೋಯ್ತು ನಾಯಕ್ರೇ?" ಎಂದು ನಾನೊಮ್ಮೆ ಕೇಳಿದೆ. ಲಾರಿಯಿಂದ ಕಣ್ಣು ತೆಗೆಯದೆ ಅವರು, "ಮಕ್ಕಳಿಗೆ ಗೋಡೆ ಅದೆಯಲ್ಲ" ಎಂದರು.