ಹತ್ತರಲ್ಲಿ ಒಂದಕ್ಕೂ ಫಸ್ಟ್ ಇಲ್ಲ

ನನ್ನ ‘ವರ್ಷದ ಟಾಪ್ ಟೆನ್ ಹಾಡುಗಳು’ ಪಟ್ಟಿ ನೋಡಿ ಪ್ರತಿ ಡಿಸೆಂಬರಿನಲ್ಲೂ ಜಗಳಕ್ಕೆ ಬರುವ ಸ್ನೇಹಿತರೇ, ಇವತ್ತು ಸತ್ಯ ಹೇಳಿಬಿಡುತ್ತೇನೆ. ಹಾಡು ಆರಿಸುವುದು ಮಾತ್ರ ನಾನು. ನಂಬರ್ ಕೊಡುವುದು ನಮ್ಮಪ್ಪ. ವರ್ಕ್‌ಶಾಪಿನಲ್ಲಿ ಕಬ್ಬಿಣ ಬಡಿಯುವ ಪವರ್ ಹ್ಯಾಮರ್ ಪಕ್ಕ ನಿಂತೂ ನಿಂತೂ ಅವರ ಎರಡು ಕಿವಿಯೂ ಹೋಗಿವೆ. ಸ್ಪೀಕರ್ ಮೇಲೆ ಅಂಗೈ ಇಟ್ಟು, ಅದು ಅದುರುವುದನ್ನು ನೋಡಿ ಫಸ್ಟು, ಸೆಕೆಂಡು ಹೇಳುತ್ತಾರೆ.

ಬೆಳಿಗ್ಗೆ ಆಲ್ಕೊಳದಿಂದ ಸ್ಪೀಕರ್ ಹೊತ್ತುಕೊಂಡು ಜನ್ನಾಪುರದ ಅಪ್ಪನ ಮನೆಗೆ ಹೋದೆ. ಹತ್ತೂ ಹಾಡು ಹಾಕಿದೆ. ಅಪ್ಪ ಕೈ ತೆಗೆದು, “ಒಂದರಲ್ಲೂ ದಮ್ಮಿಲ್ಲ ಕಣಮ್ಮ. ಈ ಸಲ ಯಾವುದಕ್ಕೂ ಫಸ್ಟ್ ಕೊಡಲ್ಲ” ಅಂದರು.

ನನಗೆ ಸಿಟ್ಟು ಬಂತು. ಸೌಂಡ್ ಇನ್ನೂ ಜಾಸ್ತಿ ಮಾಡಿದೆ. ಪಕ್ಕದ ಮನೆ ಆಂಟಿ ಬಾಗಿಲಿಗೇ ಬಂದರು. “ಕಮ್ಮಿ ಮಾಡೇ ಮಾರಾಯ್ತಿ, ನಮ್ಮನೆ ಶೋಕೇಸಿನ ಗಾಜೆಲ್ಲ ಗಡಗಡ ಅಂತಿದೆ!”

ಅಪ್ಪ ಮಾತ್ರ ಸ್ಪೀಕರ್ ಮೇಲೆ ಕೈ ಇಟ್ಟು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಅಮ್ಮ ಕುದಿಯುವ ಟೀಯನ್ನು ಸ್ಟೀಲ್ ಲೋಟದಲ್ಲಿ, ಸೆರಗು ಸುತ್ತಿ ಹಿಡಿದು ತಂದರು. ಅಪ್ಪ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು ಆರಾಮಾಗಿ ಕೂತರು. ನಾನು ಅಮ್ಮನ ಮುಖ ನೋಡಿದೆ.

“ಶುಗರ್ ಕಣೇ. ಕೈಗೆ ಏನೂ ಗೊತ್ತಾಗಲ್ಲ, ಎರಡು ತಿಂಗಳಾಯ್ತು. ನಿಂಗೆ ಹೇಳ್ಬೇಡ ಅಂದಿದ್ರು.”

ಅಪ್ಪನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಅಮ್ಮ ಪಿಸುಗುಟ್ಟಿದರು.

ಹಾಗಾಗಿ ಈ ವರ್ಷ ಪಟ್ಟಿ ಇಲ್ಲ. ‘ಈಗಿನ ಹಾಡಲ್ಲಿ ಏನಿದೆ ಮಣ್ಣು’ ಎಂದು ತಪ್ಪದೆ ಕಮೆಂಟ್ ಹಾಕುವವರು ಖುಷಿಪಡಿ. ನಮ್ಮಪ್ಪ ನಿಮ್ಮ ಕಡೆ ಸೇರಿದ್ದಾರೆ.