ಒಲೀಟಾ ಸ್ಟಿಡಮ್ ನುಡಿದ ಸಾಕ್ಷಿ

ಒಲೀಟಾ ಸ್ಟಿಡಮ್ ಎಂಬತ್ತೊಂದನೆಯ ವಯಸ್ಸಿನಲ್ಲಿ, ಅಮೆರಿಕದ ಕೆಂಟಕಿಯ ಕ್ಯಾನಿ ಫೋರ್ಕ್ ಕಣಿವೆಯ ತನ್ನ ಮನೆಯಲ್ಲೇ ತೀರಿಕೊಂಡಳು. ಮರುದಿನ ಬೆಳಿಗ್ಗೆ ಪಾಸ್ಟರ್ ಎಸ್ಟಿಲ್ ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಮೊಮ್ಮಗಳು ರೇಲೀನಳಿಗೆ ಹೇಳಿದರು:

"ಸಭೆಯಲ್ಲಿ ನಿಮ್ಮಜ್ಜಿ ಬಗ್ಗೆ ನಾಲ್ಕು ಮಾತು ನೀನೇ ಆಡಮ್ಮ. ನಲವತ್ತು ವರ್ಷ ಮಕ್ಕಳಿಗೆ ಬೈಬಲ್ ಪಾಠ ಹೇಳಿಕೊಟ್ಟೋರು. ಅದನ್ನ ಹೇಳು, ಚರ್ಚಲ್ಲಿ ಹಾಡ್ತಿದ್ರಲ್ಲ, ಅದನ್ನ ಹೇಳು. ಬೇರೇದು ಬೇಡ."

"ಬೇರೇದು ಅಂದ್ರೆ?"

"ನಿಂಗೊತ್ತಲ್ಲ," ಎಂದು ಪಾಸ್ಟರ್ ಎದ್ದರು.

ಗೊತ್ತಿತ್ತು. ಕಣಿವೆಯಲ್ಲಿ ಅದು ಗೊತ್ತಿಲ್ಲದವರೇ ಇರಲಿಲ್ಲ.

ಒಲೀಟಾಳ ಗಂಡ ಆರ್ವಿಲ್ ಗಣಿಯವನು. ಎದೆ ತುಂಬ ಕಲ್ಲಿದ್ದಲ ಪುಡಿ ಕಟ್ಟಿಕೊಂಡು, ಕೊನೆಯ ಎರಡು ವರ್ಷ ಮಲಗಲಾಗದೆ ಕುರ್ಚಿಯಲ್ಲೇ ಕುಳಿತು ಸತ್ತ. ಉಳಿದದ್ದು ಒಬ್ಬನೇ ಮಗ ಡ್ವೈಟ್. ಅವನೂ ಅದೇ ಗಣಿಗೆ ಇಳಿದ. ಮೇಲಿನಿಂದ ಬಂಡೆ ಕುಸಿದು ಬೆನ್ನು ಮುರಿಯಿತು. ನೋವಿಗೆಂದು ಕೊಟ್ಟ ಮಾತ್ರೆ, ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಹೆಂಡತಿ ಒಹಾಯೋದಲ್ಲಿದ್ದ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಅವರ ಮಗಳು, ಒಂಬತ್ತು ವರ್ಷದ ರೇಲೀನ್, ಅಜ್ಜಿಯ ಪಾಲಿಗೆ ಬಂದಳು.

ಅಜ್ಜಿ ಐದು ಗಂಟೆಗೇ ಏಳುತ್ತಿದ್ದಳು. ಒಲೆಯ ಮೇಲೆ ಬೀನ್ಸ್ ಬೇಯುತ್ತಿರುವಾಗ ಬೈಬಲ್ಲನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದುತ್ತ ಓದುತ್ತಲೇ, ವಾಕ್ಯದ ನಡುವೆ, "ತಲೆ ಬಾಚ್ಕೊಳ್ಳೇ, ಕರ್ತನ ಮುಂದೆ ಪೊರಕೆ ಥರ ಹೋಗಿ ನಿಂತ್ಕೋತೀಯಾ?" ಎಂದು ಗದರಿ, ಬಿಟ್ಟ ಕಡೆಯಿಂದ ಮುಂದುವರಿಸುತ್ತಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾಗಲಿ, ಸಾವಾಗಲಿ, ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೊದಲು ಹೋಗುತ್ತಿದ್ದವಳು ಅವಳೇ.

ರೇಲೀನಳಿಗೆ ಹದಿನಾಲ್ಕಾದಾಗ, ಪಕ್ಕದ ಮನೆಯ ಹೆಸ್ಟರ್ ಫ್ಯೂಗೇಟಳ ಮಗಳು ಕೆಲ್ಸಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ. ಹೆಸ್ಟರ್ ಮತ್ತು ಒಲೀಟಾ ಚರ್ಚಿನಲ್ಲಿ ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು. ಕೆಲ್ಸಿಯ ಜೇಬಿನಲ್ಲಿ ಮಾತ್ರೆಗಳ ಪೊಟ್ಟಣ ಸಿಕ್ಕಿತು. ಪೊಲೀಸರು ಡ್ವೈಟನನ್ನು ಹಿಡಿದರು.

ಅವನು ಕೆಲ್ಸಿಗೆ ಪೊಟ್ಟಣ ಕೊಟ್ಟದ್ದನ್ನು ಕಣ್ಣಾರೆ ಕಂಡವಳು ಒಬ್ಬಳೇ. ಹಿಂದಿನ ಸಂಜೆ ಹಿತ್ತಿಲ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದ ಒಲೀಟಾ.

ಡ್ವೈಟನ ವಕೀಲ ಅಡುಗೆಮನೆಯಲ್ಲಿ ಕುಳಿತು, ಕಾಫಿ ಕುಡಿದು, ಮೆತ್ತಗೆ ಹೇಳಿದ. "ನಿಮಗೆ ಅರವತ್ತಾರು ವರ್ಷ. ಸಂಜೆ ಹೊತ್ತು. ಕಣ್ಣು ಮಂಜು ಅಂದ್ರೆ ಸಾಕಮ್ಮ, ಯಾರೂ ತಪ್ಪು ತಿಳ್ಕೊಳ್ಳಲ್ಲ."

"ನನ್ನ ಕಣ್ಣು ಚೆನ್ನಾಗೇ ಇದೆ," ಎಂದಳು ಒಲೀಟಾ.

ವಕೀಲ ಹೋದ ಮೇಲೆ ರೇಲೀನ್ ಅವಳ ಏಪ್ರನ್ ಹಿಡಿದು ಜಗ್ಗಿದಳು. "ಅಜ್ಜಿ, ಒಂದೇ ಒಂದು ಸುಳ್ಳು. ನಮ್ಮಪ್ಪ ಅಜ್ಜಿ ಅವನು!"

"ನಿಂಗೆ ಅಪ್ಪ ಆಗೋಕ್ ಮುಂಚೆ ನಂಗೆ ಮಗ ಕಣೆ."

ಕೋರ್ಟಿನಲ್ಲಿ ಬೈಬಲ್ಲಿನ ಮೇಲೆ ಕೈಯಿಟ್ಟು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಒಂದು ಸಲವೂ ಮಗನ ಕಡೆಯಿಂದ ಮುಖ ತಿರುಗಿಸಲಿಲ್ಲ. ಡ್ವೈಟನಿಗೆ ಹನ್ನೆರಡು ವರ್ಷ ಜೈಲಾಯಿತು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳು ಮೊಮ್ಮಗಳತ್ತ ಕೈ ಚಾಚಿದಳು. ರೇಲೀನ್ ನೋಡಿಯೂ ನೋಡದವಳಂತೆ ಮುಂದೆ ನಡೆದಳು.

ಆ ವರ್ಷ ಚರ್ಚಿನಲ್ಲಿ ಪಾದ ತೊಳೆಯುವ ಭಾನುವಾರ ಬಂತು. ಹೆಂಗಸರು ಒಬ್ಬರಿಗೊಬ್ಬರು ಮಂಡಿಯೂರಿ ಪಾದ ತೊಳೆದು, ಮನಸ್ಸಿನಲ್ಲಿದ್ದದ್ದನ್ನು ಮುಗಿಸಿಕೊಳ್ಳುವ ದಿನ. ಒಲೀಟಾ ಸೊಂಟಕ್ಕೆ ಟವೆಲ್ ಕಟ್ಟಿ, ಬೋಗುಣಿ ಹಿಡಿದು ನೇರ ಹೆಸ್ಟರಳ ಮುಂದೆ ಮಂಡಿಯೂರಿದಳು. ಅವಳ ಪಾದವನ್ನು ನೀರಿನಲ್ಲಿಟ್ಟು, ತಲೆಯೆತ್ತಿ, ಪಿಸುಮಾತಿನಲ್ಲಿ ಏನೋ ಹೇಳಿದಳು. ಹೆಸ್ಟರ್ ಪಾದವನ್ನು ಹಿಂದಕ್ಕೆ ಕಿತ್ತುಕೊಂಡಳು. ಬೋಗುಣಿ ಮಗುಚಿತು. ಹಾಡು ನಿಂತಿತು. ಬರಿಗಾಲಲ್ಲೇ ಹೊರಟ ಹೆಸ್ಟರ್, ಅಂದಿನಿಂದ ಆ ಚರ್ಚಿಗೆ ಕಾಲಿಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ರೇಲೀನಳಿಗೆ ಮಾತು ಕೇಳಿಸಿರಲಿಲ್ಲ. ಒದ್ದೆ ಹಲಗೆಯನ್ನು ಅಜ್ಜಿ ಅದೇ ಟವೆಲಿನಿಂದ ಒರೆಸುತ್ತ ಕೂತದ್ದಷ್ಟೇ ಕಂಡಿತು.

ಪ್ರತಿ ತಿಂಗಳೂ ಒಲೀಟಾ ಮೂರು ಗಂಟೆ ದಾರಿ ಮಾಡಿ ಜೈಲಿಗೆ ಹೋಗುತ್ತಿದ್ದಳು. ಮೊದಲ ಎರಡು ವರ್ಷ ಡ್ವೈಟ್ ಅವಳನ್ನು ಕಾಣಲು ಹೊರಗೇ ಬರಲಿಲ್ಲ. ಅವಳು ಭೇಟಿಯ ವೇಳೆ ಮುಗಿಯುವವರೆಗೂ ಬೆಂಚಿನ ಮೇಲೆ ಕೂತಿದ್ದು ವಾಪಸು ಬರುತ್ತಿದ್ದಳು. ಮೂರನೆಯ ವರ್ಷ ಬಂದ. ಆ ದಿನ ಒಲೀಟಾ ಮನೆಗೆ ಬಂದು ರೇಲೀನಳಿಗೆ ಹೇಳಿದ್ದು ಒಂದೇ ಮಾತು: "ತುಂಬ ಸೊರಗಿದಾನೆ." ಆರನೆಯ ವರ್ಷ ಡ್ವೈಟ್ ಲಿವರ್ ಕೆಟ್ಟು, ಜೈಲಿನಲ್ಲೇ ಸತ್ತ. ಹೆಣವನ್ನು ತಂದು ಗುಡ್ಡದ ಮೇಲೆ ಅಪ್ಪನ ಪಕ್ಕ ಹೂಳಿದರು. ಹೊರಲು ನಾಲ್ಕು ಜನ ಸಿಕ್ಕದ್ದೇ ಹೆಚ್ಚು.

ರೇಲೀನ್ ಹದಿನೆಂಟಕ್ಕೇ ಮನೆ ಬಿಟ್ಟಿದ್ದಳು. ಅಜ್ಜಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದಾಗ ತಿರುಗಿ ಬಂದಳು. ಬೇರೆ ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಸೂಪು ಕುಡಿಸುತ್ತ, ಹದಿನೈದು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಅಜ್ಜಿ, ಅವತ್ತು ಕೋರ್ಟಲ್ಲಿ ಹಾಗೆ ಹೇಳ್ಬಾರದಿತ್ತು ಅಂತ ಯಾವತ್ತಾದ್ರೂ ಅನ್ಸಿದ್ಯಾ?"

ಒಲೀಟಾಳ ಮಾತು ಸೊಟ್ಟ ಬಾಯಿಂದ ತಡೆತಡೆದು ಬಂತು. "ಅವತ್ತು ಹೇಳಿದ್ದಕ್ಕಲ್ಲ ಕಣೆ. ಮೂರು ತಿಂಗಳು ಮುಂಚೇನೇ ನಂಗೆ ಗೊತ್ತಿತ್ತು, ಅವನು ಮಾರ್ತಾನೆ ಅಂತ. ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ಬರೀ ಪ್ರಾರ್ಥನೆ ಮಾಡ್ದೆ. ಪ್ರಾರ್ಥನೆ ಅಂತ ಹೆಸರು, ಒಳಗೆ ಇದ್ದಿದ್ದು ಭಯ. ಆಗಲೇ ಹೇಳಿದ್ರೆ ಇಬ್ಬರೂ ಉಳೀತಿದ್ರು."

"ಹೆಸ್ಟರಜ್ಜಿಗೆ ಅದನ್ನೇ ಹೇಳಿದ್ದಾ, ಪಾದ ತೊಳೆಯೋ ದಿನ?"

"ಅದನ್ನೇ." ಚಮಚವನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿ, "ನನ್ನ ಬಗ್ಗೆ ಯಾರಾದ್ರೂ ಮಾತಾಡಿದ್ರೆ ಎರಡನ್ನೂ ಹೇಳ್ಲಿ. ಅರ್ಧ ಹೇಳ್ಬೇಡಿ," ಎಂದಳು.

ಶವಸಂಸ್ಕಾರದ ದಿನ ರೇಲೀನ್ ಎದ್ದು ನಿಂತು, ಪಾಠದ ವಿಷಯ ಹೇಳಿದಳು, ಹಾಡಿನ ವಿಷಯ ಹೇಳಿದಳು. ಆಮೇಲೆ ಎರಡನ್ನೂ ಹೇಳಿದಳು, ಮೂರು ತಿಂಗಳ ಮೌನವನ್ನೂ, ಕೋರ್ಟಿನ ಮಾತನ್ನೂ. "ನಾನೂ ನಾಲ್ಕು ವರ್ಷ ಒಂದೇ ಮನೇಲಿದ್ದು ಅವಳನ್ನ ಮಾತಾಡಿಸ್ಲಿಲ್ಲ. ಅವಳು ಊಟಕ್ಕೆ ಕರೆಯೋದು ಬಿಡ್ಲಿಲ್ಲ," ಎಂದಳು. ಪಾಸ್ಟರ್ ತಲೆ ತಗ್ಗಿಸಿಕೊಂಡಿದ್ದರು.

ಗುಡ್ಡದ ಮೇಲೆ ಮಣ್ಣು ಹಾಕುವಾಗ, ಬೇಲಿಯ ಆಚೆ ಹೆಸ್ಟರ್ ಫ್ಯೂಗೇಟ್ ಕೋಲೂರಿ ನಿಂತಿದ್ದಳು. ಎಲ್ಲರೂ ಇಳಿದುಹೋದ ಮೇಲೆ ರೇಲೀನ್ ಅವಳ ಹತ್ತಿರ ಹೋದಳು.

"ನಾನು ಅವಳನ್ನ ಕ್ಷಮಿಸಿಲ್ಲ," ಎಂದಳು ಹೆಸ್ಟರ್. "ಆಗಲ್ಲ ನನ್ನ ಕೈಲಿ. ಬಂದಿದೀನಿ ಅಂತ ಏನೇನೋ ಅಂದ್ಕೋಬೇಡ."

"ಇಲ್ಲಜ್ಜಿ."

"ಸಭೇಲಿ ನೀನು ಎಲ್ಲಾ ಹೇಳಿದೀಯ ಅಂದ್ರು. ಹೌದಾ?"

"ಹೇಳ್ದೆ."

ಮುದುಕಿ ಹೊಸ ಮಣ್ಣಿನ ಕಡೆ ಬಹಳ ಹೊತ್ತು ನೋಡಿದಳು. ಇಳಿಜಾರು ಕೆಸರಾಗಿತ್ತು. ರೇಲೀನ್ ತೋಳು ಚಾಚಿದಾಗ ಬೇಡವೆನ್ನದೆ ಹಿಡಿದುಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತ ಕೆಳಗಿಳಿದಳು.